ಹದಿನಾಲ್ಕು ಕಡೆ ಕರಿ

ನಾನು ಒಂದು ಕಂಪ್ಯೂಟರ್. ಮದುವೆ ವಿಡಿಯೊ ಜೋಡಿಸುವ ಕಂಪ್ಯೂಟರ್. ಹುಟ್ಟಿದೆ ಎನ್ನುವ ಮಾತು ನನಗೆ ಹೊಂದುವುದಿಲ್ಲ, ನನ್ನನ್ನೂ ಜೋಡಿಸಿದ್ದೇ. ಹುಬ್ಬಳ್ಳಿಯ ಒಂದು ಅಂಗಡಿಯ ಮಹಡಿಯಲ್ಲಿ, ಮಧ್ಯಾಹ್ನದ ಊಟಕ್ಕೂ ಸಂಜೆಯ ಚಹಾಕ್ಕೂ ನಡುವಿನ ಹೊತ್ತಿನಲ್ಲಿ, ಒಬ್ಬ ಮನುಷ್ಯ ಎಲೆಅಡಿಕೆ ಜಗಿಯುತ್ತ ಸ್ಕ್ರೂ ತಿರುಗಿಸಿದ. ಬಟನ್ ಒತ್ತಿದ. ನನ್ನ ಫ್ಯಾನು ತಿರುಗಿತು. "ಆತು, ತಗೊಂಡ್ ಹೋಗ್ರಿ" ಎಂದ. ನಾಮಕರಣ, ತೊಟ್ಟಿಲು ಏನೂ ಇಲ್ಲ.

ಮೊದಲ ಎರಡು ವರ್ಷ ಮನೆಗಳ ನಕ್ಷೆ ಬರೆಯುವ ಒಬ್ಬ ಎಂಜಿನಿಯರ್ ಬಳಿ ಇದ್ದೆ. ಗೋಡೆ, ಕಿಟಕಿ, ಮೆಟ್ಟಿಲು. ಗೆರೆಗಳಿಗೆ ಮುಖ ಇರುವುದಿಲ್ಲ, ಹಾಗಾಗಿ ತಲೆನೋವೂ ಇರಲಿಲ್ಲ. ಅವರು ಹೊಸ ಲ್ಯಾಪ್‌ಟಾಪ್ ತಂದ ಮೇಲೆ ನನ್ನನ್ನು ಹರಪನಹಳ್ಳಿಯ ಕೊಟ್ರೇಶಪ್ಪನವರಿಗೆ ಕೊಟ್ಟರು. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕೂತು ಬಂದೆ.

ಕೊಟ್ರೇಶಪ್ಪನವರ ಸ್ಟುಡಿಯೊ ಎಂದರೆ ಅವರ ಮನೆಯ ಮುಂದಿನ ಕೋಣೆ. ಅವರು ಕ್ಯಾಮೆರಾ ಹಿಡಿಯುತ್ತಿದ್ದರು, ಅವರ ಹೆಂಡತಿ ವಿಶಾಲಾಕ್ಷಮ್ಮ ಲೈಟು ಹಿಡಿಯುತ್ತಿದ್ದರು. ಲೈಟು ಹಿಡಿಯಲು ಮೊದಲು ಗಂಡಾಳುಗಳೇ ಇದ್ದರಂತೆ. ಆದರೆ ನಮ್ಮ ಕಡೆ ಮದುವೆಯಲ್ಲಿ ತಂಬಿಗೆಗಳಿಗೆ ಸುರಗಿಯ ನೂಲು ಸುತ್ತುವಾಗ, ಅರಿಶಿಣ ಹಚ್ಚುವಾಗ ಹೆಂಗಸರದೇ ಗುಂಪು. ಅವರ ನಡುವೆ ನುಗ್ಗಿ ನಿಲ್ಲುವುದು ಗಂಡಸಿಗೆ ಆಗದ ಕೆಲಸ. ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಸೀದಾ ಒಳಗೆ ಹೋಗುತ್ತಿದ್ದರು. ಅವರಿಂದಾಗಿಯೇ ಸುತ್ತಲಿನ ಹಳ್ಳಿಗಳವರು ಈ ಸ್ಟುಡಿಯೊವನ್ನು ಕರೆಯುತ್ತಿದ್ದರು.

ಈ ಕಸುಬಿನಲ್ಲಿ ಒಂದು ನಿಯಮವಿದೆ. ಲೈಟು ಹಿಡಿದವರು ಚಿತ್ರದಲ್ಲಿ ಕಾಣಬಾರದು. ಕಂಡರೆ ಅದು ಕೆಟ್ಟ ಶಾಟು. ವಿಶಾಲಾಕ್ಷಮ್ಮನವರ ಕೈ, ಭುಜ, ಮುಖ ಅಡ್ಡ ಬಂದಲ್ಲೆಲ್ಲ ಕೊಟ್ರೇಶಪ್ಪ ಕತ್ತರಿಸಿ ತೆಗೆಯುತ್ತಿದ್ದರು. ಎಂಟು ವರ್ಷ, ಮುನ್ನೂರಕ್ಕೂ ಹೆಚ್ಚು ಮದುವೆ. ಹೆಂಡತಿಯನ್ನು ಇಷ್ಟು ಅಚ್ಚುಕಟ್ಟಾಗಿ ತೆಗೆದುಹಾಕಿದ ಗಂಡ ಬೇರೆ ಇರಲಾರ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ. ಕೆಲಸ ಹಾಗೆ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಕ್ಯಾಮೆರಾದಿಂದ ಬರುವ ಮೂಲ ಚಿತ್ರ ಬಹಳ ಭಾರ. ನನ್ನ ಯೋಗ್ಯತೆಗೆ ಅದನ್ನು ಓಡಿಸಿದರೆ ಮುಗ್ಗರಿಸುತ್ತೇನೆ. ಅದಕ್ಕೆ ಪ್ರತಿಯೊಂದಕ್ಕೂ ಒಂದು ಹಗುರ ಪ್ರತಿ ಮಾಡಿಕೊಳ್ಳುತ್ತೇನೆ. ಕತ್ತರಿಸಿ ಜೋಡಿಸುವುದು ಹಗುರ ಪ್ರತಿಯ ಮೇಲೆ. ಕೊನೆಗೆ ಜೋಡಿಸಿದ ವಿಡಿಯೊವನ್ನು ಒಂದೇ ಫೈಲಾಗಿ ಹೊರಗೆ ತೆಗೆಯುವಾಗ ಮಾತ್ರ ಮೂಲವನ್ನು ಹುಡುಕಿ ಅದನ್ನೇ ಹಾಕುತ್ತೇನೆ. ಮದುವೆ ಮನೆಯವರು ಪೆನ್‌ಡ್ರೈವ್ ಒಯ್ದು, ನೋಡಿ, ಸರಿಯಾಗಿದೆ ಎಂದ ಮೇಲೆ ಕೊಟ್ರೇಶಪ್ಪ ಮೂಲವನ್ನು ಅಳಿಸುತ್ತಿದ್ದರು. ಮುಂದಿನ ಮದುವೆಗೆ ಜಾಗ ಬೇಕಲ್ಲ. ಹಗುರ ಪ್ರತಿಗಳು ಎಲ್ಲೋ ಒಂದು ಮೂಲೆಯಲ್ಲಿ ಉಳಿಯುತ್ತಿದ್ದವು. ಅವು ಇವೆ ಎಂಬುದೇ ಅವರಿಗೆ ನೆನಪಿರಲಿಲ್ಲ.

ವಿಶಾಲಾಕ್ಷಮ್ಮ ಆಷಾಢದಲ್ಲಿ ತೀರಿಕೊಂಡರು. ಕಾಮಾಲೆ. ಮೊದಲು ಊರಿನ ಔಷಧಿ, ಆಮೇಲೆ ದಾವಣಗೆರೆಯ ಆಸ್ಪತ್ರೆ, ಹನ್ನೊಂದು ದಿನ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹಾಗಾಗಿ ಯಾರ ಕೆಲಸವೂ ನಿಲ್ಲಲಿಲ್ಲ. ಶ್ರಾವಣದಲ್ಲಿ ಕೊಟ್ರೇಶಪ್ಪ ನನ್ನ ಮುಂದೆ ಬಂದು ಕೂತರು. ಬಾಕಿ ಇದ್ದ ಒಂದು ಸೀಮಂತದ ವಿಡಿಯೊ ಮುಗಿಸಿದರು. ಅಳಲಿಲ್ಲ. ಊಟ ಎಂದರೆ ಊಟ ಮಾಡಿದರು, ಮಲಗು ಎಂದರೆ ಮಲಗಿದರು. ಬಂದವರು ಧೈರ್ಯ ಹೇಳಿದರೆ "ಹೂಂ" ಎನ್ನುತ್ತಿದ್ದರು. ನನಗೂ ಅವರಿಗೂ ಆ ವರ್ಷ ಹೆಚ್ಚು ವ್ಯತ್ಯಾಸವಿರಲಿಲ್ಲ.

ಮಗಳು ಅಂಕಿತಾ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ವರ್ಷದ ಪುಣ್ಯಸ್ಮರಣೆಗೆ ಎಂಟು ದಿನ ಇರುವಾಗ ಊರಿಗೆ ಬಂದಳು. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ನೋಡುತ್ತ ನಿಂತು, "ಅಪ್ಪಾ, ಅವ್ವಂದು ವಿಡಿಯೊ ಬೇಕು" ಎಂದಳು.

"ಫೋಟೊ ಅದಾವಲ್ಲ. ಅವನ್ನ ಜೋಡಿಸಿ ಮಾಡಿಕೊಡ್ತೀನಿ."

"ಫೋಟೊದಾಗ ಅವ್ವ ಸುಮ್ಮನ ಕುಂತಾಳ. ಆಕಿ ಯಾವತ್ತರ ಸುಮ್ಮನ ಕುಂತಿದ್ಲೇನು? ನಂಗ ಆಕಿ ಓಡ್ಯಾಡಿದ್ದು ಬೇಕು. ನಾನು ಮರ್ತ್ ಬಿಡ್ತೀನಿ ಅನ್ಸಾಕತ್ತೇತಿ ಅಪ್ಪಾ."

ಊರ ಮಂದಿಯ ಹೆಣ್ಣುಮಕ್ಕಳೆಲ್ಲ ಈ ಕೋಣೆಯ ಪರದೆಯ ಮೇಲೆ ನಡೆದಾಡಿದ್ದರು, ನಕ್ಕಿದ್ದರು, ಅತ್ತಿದ್ದರು. ಮನೆಯವಳದು ಒಂದು ನಿಮಿಷವೂ ಇರಲಿಲ್ಲ. ವಿಶಾಲಾಕ್ಷಮ್ಮನವರದು ಬಟನ್ ಫೋನು. ಕ್ಯಾಮೆರಾವನ್ನು ಮನೆಯೊಳಗೆ ತಿರುಗಿಸುವುದು ಯಾರಿಗೂ ಹೊಳೆದಿರಲಿಲ್ಲ.

ಕೊಟ್ರೇಶಪ್ಪ ನನ್ನೊಳಗೆ ಹಳೆಯ ಮದುವೆಗಳನ್ನು ಒಂದೊಂದಾಗಿ ತೆರೆದರು. ಕತ್ತರಿಸಿ ಬದಿಗಿಟ್ಟ ಕೆಟ್ಟ ಶಾಟುಗಳನ್ನು ನೋಡಿದರು. ಮೂರು ದಿನ ಹುಡುಕಿ ಹದಿನಾಲ್ಕು ತುಣುಕು ಆರಿಸಿದರು. ಲೈಟು ಎತ್ತಿ ಹಿಡಿದು ಹಿಂದೆ ಹಿಂದೆ ನಡೆಯುವ ವಿಶಾಲಾಕ್ಷಮ್ಮ. ಮದುಮಗಳ ಬಾಸಿಂಗ ಸರಿಮಾಡುವ ವಿಶಾಲಾಕ್ಷಮ್ಮ. ಅವುಗಳ ನಡುವೆ ಫೋಟೊಗಳನ್ನು ಸೇರಿಸಿ, ತುಣುಕುಗಳ ದನಿ ಮುಚ್ಚಿ, ಮೇಲೆ ಒಂದು ಹಾಡು ಹಾಕಿದರು. ದನಿ ಮುಚ್ಚಿ ಹಾಡು ಹಾಕುವುದು ಅವರ ಕೈಗೆ ಅಂಟಿದ ಅಭ್ಯಾಸ. ಪರದೆಯ ಮೇಲೆ ಎಲ್ಲ ಸರಿಯಾಗಿ ಓಡಿತು. ಮೂಲ ಇದೆಯೇ ಎಂದು ಅವರು ಕೇಳಲಿಲ್ಲ. ಕೇಳದೆ ಹೇಳುವ ಗುಣ ನನಗಿಲ್ಲ.

ಆಮೇಲೆ ವಿಡಿಯೊ ಹೊರಗೆ ತೆಗೆದರು. ಅಪ್ಪ ಮಗಳು ಪಕ್ಕಪಕ್ಕ ಕೂತು ನೋಡಿದರು. ಫೋಟೊ ಬಂತು. ಆಮೇಲೆ ಪರದೆಯೆಲ್ಲ ಕರಿ. ಹಾಡು ಮಾತ್ರ ನಡೆಯುತ್ತಿತ್ತು. ಮತ್ತೆ ಫೋಟೊ, ಮತ್ತೆ ಕರಿ.

"ಅವ್ವ ಎಲ್ಲಿ?" ಎಂದಳು ಅಂಕಿತಾ.

ಅಲ್ಲಿಂದ ನನ್ನ ಪಾಡು ಶುರುವಾಯಿತು. ನನ್ನನ್ನು ಆರಿಸಿ ಮತ್ತೆ ಚಾಲೂ ಮಾಡಿದರು. ನನ್ನ ಪಕ್ಕದ ತಗಡು ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆದರು. ಹಳೆಯ ಪೂಜೆಯ ಒಣಗಿದ ಸೇವಂತಿಗೆ ದಳಗಳು ಫ್ಯಾನಿನಿಂದ ಉದುರಿದವು, ಅದೇ ಕಾರಣವೆಂದು ಖುಷಿಪಟ್ಟರು. ಮತ್ತೆ ವಿಡಿಯೊ ತೆಗೆದರು, ಮತ್ತೆ ಕರಿ. ಬೇರೆ ರೂಪದಲ್ಲಿ ತೆಗೆದರು, ಕರಿ. ಹಾಡು ತೆಗೆದುಹಾಕಿ ನೋಡಿದರು, ಕರಿ, ಸದ್ದೂ ಇಲ್ಲ. ನನಗೆ ಶಕ್ತಿಯಿಲ್ಲ ಎಂದುಕೊಂಡು ತುಂಡು ತುಂಡಾಗಿ ತೆಗೆದರು. ತುಂಡು ತುಂಡಾಗಿ ಕರಿ ಬಂತು. ನಾಲ್ಕು ದಿನ ಹೀಗೇ ಹೋಯಿತು. ಪುಣ್ಯಸ್ಮರಣೆ ನಾಳೆ ಎನ್ನುವಾಗ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಮುನೀರ್‌ನನ್ನು ಕರೆತಂದರು.

ಮುನೀರ್ ನನ್ನನ್ನು ಮುಟ್ಟಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, "ಅಣ್ಣಾ, ಕರಿ ಪ್ರತಿ ಸಲ ಬ್ಯಾರೆ ಬ್ಯಾರೆ ಕಡೆ ಬರ್ತೇತೋ, ಒಂದೇ ಕಡೆ ಬರ್ತೇತೋ?" ಎಂದು ಕೇಳಿದ.

"ಒಂದೇ ಕಡೆ. ಆಕಿ ಬರೋ ಹದಿನಾಲ್ಕೂ ಕಡೆ."

"ಹಂಗಾದ್ರ ಮಷೀನಿಂದು ತಪ್ಪಲ್ಲ. ಮಷೀನ್ ಕೆಟ್ಟಿದ್ರ ಎಲ್ಲಿ ಬೇಕಾದ್ರೂ ಕರಿ ಹಾಕ್ತಿತ್ತು. ಫೈಲ್ ನೋಡ್ರಿ. ಒರಿಜಿನಲ್ ಎಲ್ಲೈತಿ? ಅದು ಸಿಗದಿದ್ರ ಆ ಜಾಗಕ್ಕ ಕರಿ ಬರ್ತೇತಿ."

ಕೊಟ್ರೇಶಪ್ಪ ಮೊದಲ ತುಣುಕಿನ ಮೂಲ ಹುಡುಕಿದರು. ಎರಡನೆಯದನ್ನು ಹುಡುಕಿದರು. ಮೂರನೆಯದನ್ನು ಹುಡುಕಲಿಲ್ಲ. ಕೈಯನ್ನು ಮೌಸಿನ ಮೇಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಾನ ಅಳಿಸೀನಿ" ಎಂದರು. ಮತ್ತೆ, "ಎಲ್ಲಾ ನಾನ ಅಳಿಸೀನಿ."

ಆಮೇಲೆ ಮುನೀರ್ ದನಿ ತಗ್ಗಿಸಿ ಹೇಳಿದ. "ಹಗುರ ಪ್ರತಿ ಅದಾವಲ್ಲಣ್ಣ. ಅವುನ್ನ ತಗೊಂಡ ಹೊರಗ ತಗಿ ಅಂತ ಇದಕ್ಕ ಹೇಳಬಹುದು. ಒಂದು ಕಡೆ ಟಿಕ್ ಮಾಡಿದ್ರಾತು. ಚಿತ್ರ ಸಣ್ಣದು, ದೊಡ್ಡ ಟಿವಿಯಾಗ ಮುಖ ಒಡದಂಗ ಕಾಣ್ತೇತಿ. ಆದ್ರ ದನಿ ಏನೂ ಕೆಡಂಗಿಲ್ಲ, ಇದ್ದಂಗ ಇರ್ತೇತಿ."

"ದನಿ?" ಎಂದಳು ಅಂಕಿತಾ. ಅಪ್ಪ ಮುಚ್ಚಿಟ್ಟಿದ್ದ ದನಿಯನ್ನು ಅವಳೇ ತೆರೆದಳು. ನಾನು ಓಡಿಸಿದೆ. ನಾದಸ್ವರ, ಡೊಳ್ಳು, ಹೆಂಗಸರ ಗದ್ದಲ, ಅದರ ನಡುವೆ ಕ್ಯಾಮೆರಾದ ತೀರ ಹತ್ತಿರ ವಿಶಾಲಾಕ್ಷಮ್ಮನವರ ಮಾತು. "ತಲಿ ಎತ್ತವ್ವಾ, ಲೈಟ್ ಕಣ್ಣಿಗೆ ಚುಚ್ಚತೇತೇನು? ತಡಿ, ಇಳಸ್ತೀನಿ." ಇನ್ನೊಂದರಲ್ಲಿ ನಗು. ಏಳನೆಯದರಲ್ಲಿ ನೇರವಾಗಿ ಗಂಡನಿಗೇ ಹೇಳಿದ್ದರು. "ರೀ, ನಾ ಅಡ್ಡ ಬಂದೀನಿ. ಮನಿಗೆ ಹೋಗಿ ನನ್ನ ತಗದು ಬಿಡ್ರಿ."

ಅಂಕಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ಕೊಟ್ರೇಶಪ್ಪ ಪರದೆಯ ಕಡೆ ನೋಡುತ್ತ, ಎದುರಿಗೆ ನಿಂತವರಿಗೆ ಉತ್ತರ ಕೊಡುವ ಹಾಗೆ, "ಇಲ್ಲ, ತಗಿಯಂಗಿಲ್ಲ" ಎಂದರು. ಅಷ್ಟು ಹೇಳಿ ಅತ್ತರು. ಒಂದು ವರ್ಷದಲ್ಲಿ ಅವರು ಅತ್ತಿದ್ದು ಅದೇ ಮೊದಲು. ಮುನೀರ್ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು ಎಂದು ಮಾತ್ರ ಅನ್ನಿಸಿತು.

ಮರುದಿನ ಬಂದವರೆಲ್ಲ ಆ ವಿಡಿಯೊ ನೋಡಿದರು. ಹಾಡು ಇರಲಿಲ್ಲ. ಮುಖ ಒಡೆದ ಹಾಗೆ ಕಾಣುತ್ತದೆ ಎಂದು ಯಾರೂ ಆಡಿಕೊಳ್ಳಲಿಲ್ಲ. ವಿಶಾಲಾಕ್ಷಮ್ಮನವರ ಅಕ್ಕ ಮಾತ್ರ ಎರಡು ಸಲ ಟಿವಿಯ ಹತ್ತಿರ ಹೋಗಿ ಪರದೆಯನ್ನು ಕೈಯಿಂದ ಸವರಿದರು.

ಈಗ ನನಗೆ ವಯಸ್ಸಾಗಿದೆ. ಮೇಜಿನ ಮೇಲೆ ಹೊಸ ಕಂಪ್ಯೂಟರ್ ಬಂದಿದೆ, ಅದಕ್ಕೆ ಹಗುರ ಪ್ರತಿಯ ಗೊಡವೆಯೇ ಬೇಡ. ನಾನು ಮೇಜಿನ ಕೆಳಗೆ, ಒಂದು ಹಳೆಯ ಟವೆಲ್ಲಿನಡಿ ಇದ್ದೇನೆ. ಗುಜರಿಯವರು ಎರಡು ಸಲ ಕೇಳಿದರು, ಕೊಡಲಿಲ್ಲ. ನನ್ನೊಳಗೆ ಇನ್ನೂ ನೋಡದ ತುಣುಕುಗಳಿವೆ. ಕೊಟ್ರೇಶಪ್ಪ ಭಾನುವಾರ ಬೆಳಿಗ್ಗೆ ನನ್ನನ್ನು ಚಾಲೂ ಮಾಡಿ ಒಂದೊಂದಾಗಿ ಕೇಳುತ್ತ ಕೂರುತ್ತಾರೆ.

ಕಳೆದ ಭಾನುವಾರ ಒಂದು ತುಣುಕು ಸಿಕ್ಕಿತು. ಯಾವುದೋ ಮದುವೆಯಲ್ಲಿ ಕ್ಯಾಮೆರಾದ ಮೂತಿಗೆ ಮುಚ್ಚಳ ಹಾಕಿ, ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದಾರೆ. ಎರಡು ನಿಮಿಷ ಪೂರ್ತಿ ಕರಿ. ಅಳಿಸಲು ಕೊಟ್ರೇಶಪ್ಪನವರ ಬೆರಳು ಮುಂದೆ ಹೋಯಿತು. ಆಗ ಕರಿಯೊಳಗಿಂದ ವಿಶಾಲಾಕ್ಷಮ್ಮನವರ ದನಿ ಬಂತು. "ರೀ, ಎರಡನೇ ಪಂಕ್ತಿಗೆ ಎಲಿ ಹಾಕ್ಯಾರ, ಬರ್ರಿ. ಹಸದು ಕ್ಯಾಮೆರಾ ಹಿಡದ್ರ ಕೈ ನಡಗ್ತಾವು. ನಿಮಗೊಂದು ಎಲಿ ಹಿಡದೀನಿ."

ಕೊಟ್ರೇಶಪ್ಪ ಅದನ್ನು ಮತ್ತೆ ಹಾಕಿದರು. ನಾನು ಕರಿ ತೋರಿಸಿದೆ, ಅವರು ಕಣ್ಣು ತೆಗೆಯದೆ ನೋಡಿದರು.