ನಿಬ್ಬು ಉಜ್ಜಿದ ಕೈ

ನೀಲಿ ಎಳೆ, ಅದರ ಹಿಂದೆ ಇನ್ನೊಂದು, ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ಹೊಗೆಯ ಹಾಗೆ ಸುರುಳಿ ಬಿಚ್ಚುತ್ತ ಇಳಿಯುತ್ತಿದೆ, ಇಳಿಯಲಿ, ಅವಸರ ಮಾಡಿದರೆ ಹಳೆಯ ಪೆನ್ನು ಹಳೆಯ ನೆಂಟನ ಹಾಗೆ ಮುನಿಸಿಕೊಳ್ಳುತ್ತದೆ, ಎಂದು ಅವನು ಪೆನ್ನು ರಿಪೇರಿಗೆ ಬಂದವರಿಗೆಲ್ಲ ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದಾನೆ, ಅವರೂ ನಗುತ್ತ ಬಂದಿದ್ದಾರೆ, ಹೆಂಡತಿ ಮಾತ್ರ ನಗುವುದಿಲ್ಲ, ಅವನ ತಮಾಷೆಗಳೆಲ್ಲ ಅವಳಿಗೆ ಬಾಯಿಪಾಠ — ಇದು ಅವಳದೇ ಪೆನ್ನು, ಮದುವೆಗೆ ಮುಂಚೆ ಅವನೇ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ, ನಿಬ್ಬು ಉಜ್ಜಿ, ಕೊಟ್ಟದ್ದು, ಬೆಳಿಗ್ಗೆ ಅವನ ತಟ್ಟೆಯ ಪಕ್ಕ ಇಟ್ಟು ಹೋದಳು, ರೀ, ಇಂಕು ಕಟ್ಕೊಂಡಿದೆ, ತೊಳ್ದು ಕೊಡಿ, ಬರೀ ತೊಳೀರಿ, ಬೇರೇನೂ ಮಾಡ್ಬೇಡಿ. ಬೇರೇನೂ ಮಾಡಬೇಡಿ ಅಂದರೆ? ವೈದ್ಯನ ಮುಂದೆ ಕೂತು ನಾಡಿ ಹಿಡಿಯಬೇಡಿ ಅಂದ ಹಾಗಾಯಿತು. ರಬ್ಬರಿನ ತುಂಡು ಸುತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೆಟ್ಟಗೆ ಎಳೆದ, ತಿರುಚಬಾರದು, ನಿಬ್ಬೂ ಅದರ ಕೆಳಗಿನ ಕಪ್ಪು ಕಡ್ಡಿಯೂ ಹಾಲುಹಲ್ಲಿನಂತೆ ಸಲೀಸಾಗಿ ಬಂದವು, ಇಷ್ಟು ಸಲೀಸಾಗಿ ಬರಬಾರದಿತ್ತು, ಯಾರೋ ಈಚೆಗೆ ಒಮ್ಮೆ ಎಳೆದಿದ್ದಾರೆ, ಛೆ, ಯಾರು ಎಳೆದಾರು, ಬ್ರಷ್ಷಿನಿಂದ ತಿಕ್ಕಿದ, ಬಟ್ಟೆಗೆ ಒತ್ತಿದ, ಭೂತಗನ್ನಡಿ ಕಣ್ಣಿಗೇರಿಸಿದ, ನಿಬ್ಬಿನ ತುದಿಯಲ್ಲಿ ತಾನು ಗುಂಡಗೆ ಮಾಡಿದ್ದ ಸಾಸಿವೆಗಿಂತ ಸಣ್ಣ ಮಣಿ — ಗುಂಡಗಿಲ್ಲ. ಎಡಭುಜದಲ್ಲಿ ಓರೆಯಾಗಿ ಒಂದು ಚಪ್ಪಟೆ, ಕನ್ನಡಿಯಂಥ ಹೊಳಪು. ಬರೆದು ಸವೆದದ್ದಲ್ಲ, ಸವೆತಕ್ಕೆ ಅಂಚಿರುವುದಿಲ್ಲ, ಇದಕ್ಕಿದೆ, ಕೊನೆಯಲ್ಲಿ ಒಳಕ್ಕೆ ಬಾಗಿಸಿ ಉಜ್ಜಿದ ಆ ಅಂಚನ್ನು ಅವನು ಕತ್ತಲಲ್ಲೂ ಗುರುತಿಸಿಯಾನು, ಸೋಡಾಬುಡ್ಡಿಯದು, ಸೇತುವೆಯಾಚೆ ಪೆನ್ನಿನ ಅಂಗಡಿ ಇಟ್ಟಿರುವ ದಪ್ಪ ಕನ್ನಡಕದ ಸೋಡಾಬುಡ್ಡಿಯದು, ಇಬ್ಬರೂ ಒಬ್ಬನೇ ಮೇಸ್ತ್ರಿಯ ಹತ್ತಿರ ಒಂದೇ ಬೆಂಚಿನ ಮೇಲೆ ಕಲಿತವರು, ಮೊದ್ಲು ಕೈ ನೋಡ್ರೋ, ಆಮೇಲೆ ನಿಬ್ಬು ನೋಡಿ, ಎಂದು ಮೇಸ್ತ್ರಿ ತಲೆಗೆ ಮೊಟಕುತ್ತಿದ್ದ, ಕೈ ನೋಡಬೇಕಾದರೆ ಬರೆಸಬೇಕು, ಬರೆಸಬೇಕಾದರೆ ಎದುರು ಕೂರಿಸಬೇಕು, ದೀಪ ಹತ್ತಿರ ಎಳೆಯಬೇಕು — ಆ ದಪ್ಪ ಗಾಜಿನ ಕಣ್ಣುಗಳ ಮುಂದೆ ಹಳದಿ ಬೆಳಕು, ಬೆಳಕಿನಲ್ಲಿ ಅವಳ ಮಣಿಕಟ್ಟು. ಹಿತ್ತಲ ಗಿಡ ಮದ್ದಲ್ಲ, ಸರಿ, ಆದರೆ ಮದ್ದು ಹುಡುಕಿಕೊಂಡು ಆ ಸೋಡಾಬುಡ್ಡಿಯ ಹಿತ್ತಲಿಗೇ ಹೋಗಬೇಕಿತ್ತೆ, ಊರಲ್ಲಿ ಬೇರೆ ಹಿತ್ತಲಿರಲಿಲ್ಲವೆ.

ಪಕ್ಕದ ಕೋಣೆಯಲ್ಲಿ ಅವಳು ಪದವಿ ಪತ್ರಗಳ ಮೇಲೆ ಹೆಸರು ಬರೆಯುತ್ತಿದ್ದಾಳೆ, ಅದೇ ಅವಳ ಕೆಲಸ, ಕಾಲೇಜಿನಿಂದ ಕಟ್ಟು ಕಟ್ಟಾಗಿ ಬರುತ್ತವೆ, ಕೇಳಬಾರದು ಅಂದುಕೊಂಡವನು ಕೇಳಿಯೇಬಿಟ್ಟ, ಏನೇ, ಈ ನಿಬ್ಬನ್ನ ಯಾರಾದ್ರೂ ಮುಟ್ಟಿದ್ರಾ, ಹೂಂ, ಸೇತುವೆ ಆಚೆಯವ್ರು ಉಜ್ಜಿ ಕೊಟ್ರು, ಹೋದ್ ತಿಂಗಳು, ಅಂದಳು, ಉಪ್ಪು ಮುಗಿದಿದೆ ಅನ್ನುವಷ್ಟು ಸಹಜವಾಗಿ. ಯಾಕೆ, ಮನೇಲಿ ನಾನಿರ್ಲಿಲ್ವಾ? ಇದ್ರಲ್ಲ, ಮೂರು ಸಲ ಹೇಳ್ದೆ, ಗೀಚತ್ತೆ ಕಣ್ರೀ ಅಂತ, ಮೂರು ಸಲಾನೂ ನನ್ನ ಕೈಯಿಂದ ಕಿತ್ಕೊಂಡು ನೀವೇ ಬರ್ದು ನೋಡಿ, ಚೆನ್ನಾಗೇ ಇದೆಯಲ್ಲೇ ಅಂದ್ರಿ. ಅಂದಿದ್ದ, ಅಂದದ್ದು ನೆನಪಿದೆ, ಚೆನ್ನಾಗೇ ಇತ್ತು ಕೂಡ. ಮತ್ತೆ ಅವನೇನು ಮಂತ್ರ ಹಾಕಿದ್ನಾ? ಮಂತ್ರ ಎಂಥದ್ದು, ಬರೀರಿ ಅಂದ್ರು, ಬರ್ದೆ, ನೋಡ್ತಾ ಕೂತ್ರು. ಎಷ್ಟು ಹೊತ್ತು? ಒಂದೂವರೆ ಗಂಟೆ ಇರ್ಬಹುದು, ಯಾಕ್ರೀ? ಏನಿಲ್ಲ, ಸುಮ್ನೆ ಕೇಳ್ದೆ. ಒಂದೂವರೆ ಗಂಟೆ, ಒಂದು ನಿಬ್ಬಿಗೆ, ಸೋಂಬೇರಿ, ತಾನಾದರೆ ಇಪ್ಪತ್ತು ನಿಮಿಷದಲ್ಲಿ — ಉಜ್ಜುಕಾಗದ ಕೈಯಳತೆಯಲ್ಲೇ ಇದೆ, ಅದರ ಮೇಲೆ ನಿಬ್ಬನ್ನು ಎಂಟು ಸಲ ಸುತ್ತಿಸಿದರೆ ಸಾಕು, ಆ ಚಪ್ಪಟೆ ಅಳಿಸಿ ಮಣಿ ಮತ್ತೆ ಗುಂಡಗಾಗುತ್ತದೆ, ಅವಳು ಗೀಚತ್ತೆ ಅಂದರೆ, ಸೋಡಾಬುಡ್ಡಿಯ ಕೆಲಸವೇ ಅಷ್ಟು, ಬಾಳಿಕೆ ಬರಲ್ಲ ಅಂದರಾಯಿತು, ಮೊದಲು ಒಂದು ಸಲ ಬರೆದು ನೋಡೋಣ ಎಂದು ನಿಬ್ಬು ಕೂರಿಸಿ ಇಂಕು ಹಾಕಿ ಎಳೆದ, ಗರಗರ, ಕಾಗದ ಹರಿಯುವ ಹಾಗೆ ಗೀಚಿತು, ಹೊಟ್ಟೆಗೆ ಹಾಲು ಹೊಯ್ದಂತಾಯಿತು, ನೋಡು ಬಾರೇ ನಿನ್ನ ಸೇತುವೆಯವರ ಕೈಚಳಕಾನ! ಅವಳು ಬಂದಳು, ನಿಂತುಕೊಂಡೇ ಪೆನ್ನು ಈಸಿಕೊಂಡು ಅವನು ಗೀಚಿದ್ದರ ಕೆಳಗೆ ಒಂದು ಸಾಲು ಬರೆದಳು, ಸದ್ದೇ ಇಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ, ಚೆನ್ನಾಗೇ ಇದೆಯಲ್ರೀ, ಅಂದಳು. ಅವನು ಅಕ್ಷರ ನೋಡಲಿಲ್ಲ. ಬರೆಯುವಾಗ ಅವಳ ಕೈ ಒಳಕ್ಕೆ ವಾಲುತ್ತದೆ, ಆ ಓರೆ ಚಪ್ಪಟೆ ಕಾಗದಕ್ಕೆ ಸರಿಯಾಗಿ ಕೂರುವಷ್ಟೇ, ಸಾಲಿನ ಕೊನೆ ಬಂದಾಗ ಮಣಿಕಟ್ಟಿನ ಮೂಳೆ ಸ್ವಲ್ಪ ಮೇಲೇಳುತ್ತದೆ, ಏಳುತ್ತದೆ ಎಂದು ಇವತ್ತು ಗೊತ್ತಾಯಿತು, ಮದುವೆಯಾಗಿ ಹತ್ತೊಂಬತ್ತು ವರ್ಷ, ಇನ್ನೊಂದು ಸಾಲು ಬರಿಯೇ, ಅಂದ, ಯಾಕ್ರೀ, ಸರಿಯಾಗೇ ಇದೆ ಅಂದೆನಲ್ಲ, ನಂಗೆ ಕೆಲ್ಸ ಇದೆ, ಎಂದು ಪೆನ್ನು ತಗೊಂಡು ಹೋದಳು, ಅವನ ಮೇಜಿನ ದೀಪ ಖಾಲಿ ಕಾಗದದ ಮೇಲೆ ಬಿದ್ದಿದೆ, ಸೇತುವೆಯಾಚೆಯ ದೀಪದ ಕೆಳಗೆ ಮಾತ್ರ ಅವಳ ಮಣಿಕಟ್ಟಿನ ಮೂಳೆ ಏಳುತ್ತಿದೆ, ಇಳಿಯುತ್ತಿದೆ, ಆ ದಪ್ಪ ಗಾಜುಗಳು ಅಲುಗದೆ ನೋಡುತ್ತಿವೆ, ಏಳುತ್ತಿದೆ —