ಅವರ ಮನೆಯ ಕಿಡ್ನಿ ನಮ್ಮ ಮನೆಗೆ

ಇಸ್ತ್ರಿ ಅಂಗಡಿ ವಾರಕ್ಕೆ ಮೂರು ದಿನ ಬಾಗಿಲು ಹಾಕತೊಡಗಿದಾಗ ಬೀದಿಗೆಲ್ಲ ವಿಷಯ ಗೊತ್ತಾಯಿತು. ಅಂಗಡಿಯವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆ ಮೂರು ದಿನ ಅವನಿಗೆ ಡಯಾಲಿಸಿಸ್. ಉಳಿದ ದಿನ ಇಸ್ತ್ರಿಪೆಟ್ಟಿಗೆ ಎತ್ತುವ ತ್ರಾಣವೂ ಇರುತ್ತಿರಲಿಲ್ಲ.

“ನಂದೊಂದು ಕೊಡ್ತೀನಿ,” ಎಂದು ಅವನ ಹೆಂಡತಿ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದ್ದಳು. ಆದರೆ ಪರೀಕ್ಷೆಯಲ್ಲಿ ರಕ್ತದ ಗುಂಪು ಹೊಂದಲಿಲ್ಲ. ತಾನೇ ಫೇಲಾದಂತೆ ಅವಳಿಗೆ ನಾಚಿಕೆಯಾಯಿತು. ವರದಿಯನ್ನು ಮಡಿಸಿ, ಇಸ್ತ್ರಿ ಮೇಜಿನ ಕಂಬಳಿಯಡಿ ತುರುಕಿ, ಒಂದು ತಿಂಗಳು ಬಾಯಿಬಿಡಲಿಲ್ಲ.

ನಾದಿನಿ ಸುಮ್ಮನಿರುವವಳೇ?

“ಏನತ್ತಿಗೆ, ಕೊಡ್ತೀನಿ ಅಂತ ಡಂಗುರ ಹೊಡೆದಿರಿ. ಚಾಕು ಅಂದ ಕೂಡಲೇ ಎದೆ ಡವಡವ ಅಂತಾ?”

ಹೆಂಡತಿ ಕಂಬಳಿ ಎತ್ತಿ ವರದಿಯನ್ನು ಅವಳ ಮುಂದೆ ಎಸೆದಳು. “ನೋಡು! ಭಯ ಅಲ್ಲ ಕಣೇ. ನಂದು ಇವರಿಗೆ ಒಗ್ಗಲ್ಲವಂತೆ.”

ಸಮವಸ್ತ್ರ ಒಯ್ಯಲು ಬಂದಿದ್ದ ಡಯಾಲಿಸಿಸ್ ನರ್ಸಮ್ಮ ಅದನ್ನು ಎತ್ತಿಕೊಂಡು ಓದಿದರು. “ಅಯ್ಯೋ ತಾಯಿ, ಇದನ್ನ ಬಚ್ಚಿಟ್ಟು ಕೂತಿದ್ದೀಯಾ? ನಿನ್ನ ಕಿಡ್ನಿ ಗಟ್ಟಿಮುಟ್ಟಾಗಿದೆ. ನಿಮ್ಮ ಹಾಗೇ ಹೊಂದದ ಇನ್ನೊಂದು ಜೋಡಿ ಎಲ್ಲೋ ಇರುತ್ತೆ. ನೀನು ಅವರ ಮನೆ ರೋಗಿಗೆ ಕೊಡೋದು, ಅವರು ನಿನ್ನ ಗಂಡನಿಗೆ ಕೊಡೋದು. ಜೋಡಿ ಹುಡುಕೋದು ಆಸ್ಪತ್ರೆಯವರ ಕೆಲಸ.”

ಅಂಗಡಿಯವನು ಸ್ಟೂಲಿನಲ್ಲೇ ನೆಟ್ಟಗಾದ. “ಮೂವತ್ತು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗೋಕೆ ಬಿಟ್ಟಿಲ್ಲ ನಾನು. ಈಗ ಕಿಡ್ನಿನೇ ಅದಲುಬದಲು ಮಾಡ್ಕೋ ಅಂತೀರಾ?”

“ಕಾಲರಿನ ಗುರುತು ನೋಡದೆ ನೀವು ಬಟ್ಟೆ ಕೊಡ್ತೀರಾ? ಅಲ್ಲೂ ಅಷ್ಟೇ. ಅವರ ರಕ್ತ, ನಿಮ್ಮ ರಕ್ತ ಸೇರಿಸಿ, ಜಗಳ ಆಡಲ್ಲ ಅಂತ ಖಾತ್ರಿ ಆದ್ಮೇಲೇ ಮುಂದಿನ ಮಾತು.”

“ಇವಳದ್ದು ತಗೊಂಡು ಅವರು ಕೈಯೆತ್ತಿಬಿಟ್ರೆ?”

“ಅದಕ್ಕೇ ನಮ್ಮಲ್ಲಿ ಇಬ್ಬರು ದಾನಿಗಳಿಗೂ ಒಂದೇ ದಿನ, ಒಂದೇ ಹೊತ್ತಿಗೆ ಆಪರೇಷನ್.”

ಅವನು ಹೆಂಡತಿಯ ಮುಖ ನೋಡಿದ. ದನಿ ಇಳಿಯಿತು. “ಇವಳಿಗೇನಾದ್ರೂ ಆದ್ರೆ?”

ನರ್ಸಮ್ಮ ಸುಳ್ಳು ಸಮಾಧಾನ ಹೇಳಲಿಲ್ಲ. “ಅಪಾಯ ಇಲ್ಲವೇ ಇಲ್ಲ ಅನ್ನಲ್ಲ, ಕಡಿಮೆ. ಒಂದೇ ಕಿಡ್ನಿಯಲ್ಲಿ ದುಡ್ಕೊಂಡು ಬಾಳೋರು ಬೇಕಾದಷ್ಟು ಜನ ಇದ್ದಾರೆ. ವರ್ಷವರ್ಷ ತಪಾಸಣೆಗೆ ಬರಬೇಕು. ಮೊದಲು ಡಾಕ್ಟರು ಇವಳೊಬ್ಬಳನ್ನೇ ಕೂರಿಸಿ ಒಪ್ಪಿಗೆ ಕೇಳ್ತಾರೆ. ಕೊನೇ ಗಳಿಗೆಯಲ್ಲಿ ಬೇಡ ಅಂದ್ರೂ ಬೇಡ.”

“ಕೇಳಲಿ ಬಿಡಿ,” ಎಂದಳು ಹೆಂಡತಿ. “ಇವರನ್ನ ಕಟ್ಟಿಕೊಳ್ಳುವಾಗ ಯಾರೂ ನನ್ನ ಕೂರಿಸಿ ಕೇಳಿರಲಿಲ್ಲ.”

ನಾದಿನಿಗೂ ನಗು ತಡೆಯಲಾಗಲಿಲ್ಲ. ಮರುದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ಅವಳೇ.

ಹೆಸರು ಬರೆಸಿ ಏಳು ತಿಂಗಳು ಕಾದರು. ಮೊದಲು ಸಿಕ್ಕ ಜೋಡಿ ಪರೀಕ್ಷೆಯಲ್ಲಿ ತಪ್ಪಿಹೋಯಿತು. ಎರಡನೆಯದು ಹೊಂದಿತು: ಒಬ್ಬ ಲಾರಿ ಚಾಲಕ, ಅವನ ಕಾಯಿಲೆಯ ತಂಗಿ. ಚಾಲಕನ ಕಿಡ್ನಿ ಅಂಗಡಿಯವನಿಗೆ ಬಂತು, ಇವಳದ್ದು ಆ ತಂಗಿಗೆ ಹೋಯಿತು.

ಆಪರೇಷನ್ ಆದ ಮೂರನೇ ದಿನ ಹೆಂಡತಿ ಪಕ್ಕೆ ಹಿಡಿದುಕೊಂಡು, ಗೋಡೆ ಸವರುತ್ತ, ಗಂಡನ ಕೋಣೆಯ ಗಾಜಿನ ಬಾಗಿಲಿಗೆ ಬಂದಳು. ಅವನು ಮಂಚದ ಪಕ್ಕ ತೂಗುತ್ತಿದ್ದ ಮೂತ್ರದ ಚೀಲಕ್ಕೆ ಬೆರಳು ಮಾಡಿದ. ಎಷ್ಟೋ ತಿಂಗಳಿಂದ ದಿನಕ್ಕೆ ಒಂದು ಲೋಟ ಮೂತ್ರವೂ ಹೋಗದವನ ಚೀಲ ತುಂಬುತ್ತಿತ್ತು.

“ನೋಡೇ, ನೋಡೇ!” ಎಂದು ಬಹುಮಾನ ಗೆದ್ದವನ ಹಾಗೆ ನಕ್ಕ.

ನಿಮ್ಮ ಮನೆಯಲ್ಲೂ ಕೊಡುವ ಮನಸ್ಸಿದ್ದು ರಕ್ತ ಹೊಂದದವರಿದ್ದರೆ ಕೈಚೆಲ್ಲಿ ಕೂರಬೇಡಿ. ‘ಕಿಡ್ನಿ ವಿನಿಮಯಕ್ಕೆ ನಮ್ಮ ಹೆಸರು ಬರೆದುಕೊಳ್ಳುತ್ತೀರಾ?’ ಎಂದು ನಿಮ್ಮ ಡಾಕ್ಟರನ್ನು ಕೇಳಿ. ದಲ್ಲಾಳಿ ಬಂದು ಹಣದ ಮಾತೆತ್ತಿದರೆ ಬಾಗಿಲಿಂದಲೇ ಕಳಿಸಿಬಿಡಿ; ಕಿಡ್ನಿ ಮಾರಾಟ ಅಪರಾಧ. ಇನ್ನೊಂದು ಮನೆಯವರು ನಿಮ್ಮ ಹೆಸರಿಗಾಗಿಯೇ ಕಾಯುತ್ತಿರಬಹುದು. ಇವತ್ತೇ ಹೋಗಿ ಕೇಳಿ.