ನಲವತ್ತಕ್ಕೆ ಇಪ್ಪತ್ತು

ಮಾನವಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಮ್ಯಾನೇಜರ್ ಜಂಬಣ್ಣನವರು ಕೆಟ್ಟ ಕ್ಯಾಮೆರಾ ತೋರಿಸುವ ಮೊದಲು ನನಗೆ ಶೇಖಮ್ಮನನ್ನು ತೋರಿಸಿದರು. ಐವತ್ತು ದಾಟಿದ ಹೆಂಗಸು, ಅಂಗಳದಲ್ಲಿ ಹತ್ತಿಯ ಖಾಲಿ ಚೀಲಗಳನ್ನು ಮಡಚುತ್ತ ಕೂತಿದ್ದರು. ನಿನ್ನೆಯಿಂದ ಅವರನ್ನು ಬೆಲ್ಟಿನ ಹತ್ತಿರ ಬಿಟ್ಟಿರಲಿಲ್ಲ. ಯಾರೋ ಕೈ ಹಾಕಿದ್ದರಿಂದ ಯಂತ್ರ ಕೆಟ್ಟಿದೆ ಎಂದು ನಾನು ವರದಿಯಲ್ಲಿ ಒಂದು ಸಾಲು ಬರೆದುಕೊಟ್ಟರೆ ಸಾಕು, ಸಂಜೆಗೇ ಅವರನ್ನು ಕೆಲಸದಿಂದ ತೆಗೆಯುವುದಾಗಿ ಜಂಬಣ್ಣನವರು ಹೇಳಿದರು.

ಕ್ಯಾಮೆರಾ ಕೂರಿಸಿದ್ದು ರಾಯಚೂರಿನ ನಮ್ಮ ಕಂಪನಿ. ಆರು ತಿಂಗಳ ಹಿಂದೆ ಅದನ್ನು ಹೊಂದಿಸಿದವಳು ನಾನೇ. ಬೆಲ್ಟಿನ ಮೇಲೆ ಹತ್ತಿ ಹರಿದು ಬರುತ್ತದೆ. ಬೆಲ್ಟಿನ ಗಾಲಿಗೆ ಕಟ್ಟಿದ ಸೆನ್ಸರ್ ಸೆಕೆಂಡಿಗೆ ನಲವತ್ತು ಸಲ ಸಂಕೇತ ಕಳಿಸುತ್ತದೆ, ಪ್ರತಿ ಸಂಕೇತಕ್ಕೂ ಕ್ಯಾಮೆರಾ ಒಂದು ಚಿತ್ರ ತೆಗೆಯಬೇಕು. ಚಿತ್ರದಲ್ಲಿ ಗುಟ್ಕಾ ಚೀಟಿಯೋ ಚೀಲದ ದಾರವೋ ಕಂಡರೆ ಮುಂದಿನ ಕೊಳವೆ ಗಾಳಿ ಊದಿ ಅದನ್ನು ಹಾರಿಸುತ್ತದೆ. ಈಗ ಬರುತ್ತಿದ್ದುದು ಇಪ್ಪತ್ತೇ ಚಿತ್ರ. ಅರ್ಧ ಹತ್ತಿಯನ್ನು ಯಾರೂ ನೋಡುತ್ತಿರಲಿಲ್ಲ.

ಶೇಖಮ್ಮನ ಮೇಲೆ ಸಂಶಯಕ್ಕೆ ಕಾರಣವಿತ್ತು. ಮೊದಲು ಬೆಲ್ಟಿನ ಎರಡೂ ಬದಿ ಎಂಟು ಹೆಂಗಸರು ಕಸ ಆರಿಸುತ್ತಿದ್ದರು. ಕ್ಯಾಮೆರಾ ಬಂದ ಮೇಲೆ ಆರು ಜನರ ಕೆಲಸ ಹೋಗಿ ಉಳಿದವರು ಇಬ್ಬರು, ಶೇಖಮ್ಮ ಅವರಲ್ಲೊಬ್ಬರು. ಜಂಬಣ್ಣನವರು ಫೋನಿನಲ್ಲಿ ಎರಡು ವಿಡಿಯೊ ತೋರಿಸಿದರು. ಊಟದ ಬಿಡುವಿನಲ್ಲಿ ಶೇಖಮ್ಮ ಹಿಂದೆ ಮುಂದೆ ನೋಡಿ, ಕ್ಯಾಮೆರಾ ಪೆಟ್ಟಿಗೆಯ ಬಾಗಿಲು ತೆರೆದು, ಒಳಗೆ ಮೊಣಕೈವರೆಗೆ ಕೈ ಹಾಕುತ್ತಿದ್ದರು. ಒಂದು ಹೋದ ತಿಂಗಳ ಅಮಾವಾಸ್ಯೆಯದು, ಇನ್ನೊಂದು ಅದರ ಹಿಂದಿನ ತಿಂಗಳದು.

"ನೋಡ್ರಿ ಮೇಡಂ, ಎರಡೂ ಸಲ ಅಮಾಸಿ ದಿನಾನ ಲೆಕ್ಕ ಕಡಿಮಿ ಬಂದದ. ಎರಡೂ ಸಲ ಅಕಿ ಕೈ ಒಳಗ ಅದ. ಮತ್ತೇನ್ ಸಾಕ್ಷಿ ಬೇಕು?"

ನಾನು ಅಂಗಳಕ್ಕೆ ಹೋಗಿ ಶೇಖಮ್ಮನನ್ನು ಕೇಳಿದೆ. ಅವರು ಚೀಲ ಮಡಚುವುದನ್ನು ನಿಲ್ಲಿಸಲಿಲ್ಲ. ತನಗೇನೂ ಗೊತ್ತಿಲ್ಲ, ಓದಿದವರು ನೀವೇ ನೋಡಿಕೊಳ್ಳಿ ಎಂದರು. ನನ್ನ ಮುಖ ನೋಡಲಿಲ್ಲ. ಆಗ ನಾನೂ ಅವರೇ ಮಾಡಿದ್ದಾರೆಂದು ನಂಬಿದೆ.

ಆದರೂ ಕೆಲಸವನ್ನು ಕ್ರಮವಾಗಿ ಮಾಡುವುದು ನನ್ನ ಅಭ್ಯಾಸ. ಗಾಲಿಗೆ ದಾರ ಸುತ್ತಿಕೊಂಡು ಸಂಕೇತಗಳೇ ಕಡಿಮೆಯಾಗಿರಬಹುದೆಂದು ಮೊದಲು ಅದನ್ನು ನೋಡಿದೆ. ದಾರವಿರಲಿಲ್ಲ. ವೈರಿಗೆ ಎಣಿಕೆಯ ಮೀಟರ್ ಜೋಡಿಸಿದೆ, ಸರಿಯಾಗಿ ನಲವತ್ತು. ಕೇಬಲ್ ಬದಲಿಸಿದೆ, ಮತ್ತೆ ಇಪ್ಪತ್ತೇ ಚಿತ್ರ. ಹತ್ತೊಂಬತ್ತಲ್ಲ, ಇಪ್ಪತ್ತೆರಡಲ್ಲ. ಕೈಯಾಡಿಸಿ ಕೆಟ್ಟ ಯಂತ್ರ ಇಷ್ಟು ಅಚ್ಚುಕಟ್ಟಾಗಿ ಅರ್ಧಕ್ಕೆ ಇಳಿಯುವುದಿಲ್ಲ. ಕ್ಯಾಮೆರಾ ಒಂದು ಸಂಕೇತಕ್ಕೆ ಓಗೊಟ್ಟು ಮುಂದಿನದನ್ನು ಬಿಡುತ್ತಿತ್ತು.

ಪೆಟ್ಟಿಗೆ ತೆರೆದೆ. ಹತ್ತಿಯ ಮೇಲೆ ಬೆಳಕು ಚೆಲ್ಲುವ ದೀಪದ ಗಾಜಿನ ಮೇಲೆ ಉದ್ದಕ್ಕೂ ಮೂರು ದಪ್ಪ ವಿಭೂತಿಯ ಪಟ್ಟೆ, ನಡುವೆ ಕುಂಕುಮ. ಹಸಿ ವಿಭೂತಿಗೆ ಹತ್ತಿಯ ಧೂಳು ಅಂಟಿ ಗಾಜು ಮಬ್ಬಾಗಿತ್ತು. ನಿನ್ನೆ ಅಮಾವಾಸ್ಯೆ. ಇಲ್ಲಿ ಅಂಗಡಿ, ಲಾರಿ, ಮಿಲ್ಲು ಯಾವುದಕ್ಕೂ ಆ ದಿನ ಪೂಜೆ ತಪ್ಪುವುದಿಲ್ಲ. ಪೂಜೆ ಯಾರು ಮಾಡುತ್ತಾರೆಂದು ಕೇಳಿದೆ. ಮೂವತ್ತು ವರ್ಷದಿಂದ ತಾವೇ ಎಂದರು ಜಂಬಣ್ಣನವರು. ಹೊಸ ಯಂತ್ರಕ್ಕೆ ಹಣೆ ಯಾವುದೆಂದು ಹುಡುಕಿ, ಬೆಳಗುವ ಜಾಗವೇ ಹಣೆ ಎಂದು ಅಲ್ಲಿ ಹಚ್ಚಿದ್ದರು.

ಕ್ಯಾಮೆರಾದ ಸೆಟ್ಟಿಂಗ್ ತೆರೆದಾಗ ನನ್ನದೇ ತಪ್ಪು ಕಂಡಿತು. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದನ್ನು ಕ್ಯಾಮೆರಾವೇ ತೀರ್ಮಾನಿಸಲಿ ಎಂದು ನಾನು ಬಿಟ್ಟಿದ್ದೆ. ಮೇಲ್ಮಿತಿ ಹಾಕಿರಲಿಲ್ಲ. ಎರಡು ಸಂಕೇತಗಳ ನಡುವೆ ಇರುವುದು ಇಪ್ಪತ್ತೈದು ಮಿಲಿಸೆಕೆಂಡು. ಗಾಜು ಶುಭ್ರವಿದ್ದರೆ ಚಿತ್ರಕ್ಕೆ ಹನ್ನೆರಡು, ಅದನ್ನು ಓದಿ ಕಳಿಸಲು ಎಂಟು, ಒಟ್ಟು ಇಪ್ಪತ್ತು. ಗಾಜು ಮಬ್ಬಾದಾಗ ಕ್ಯಾಮೆರಾ ಹನ್ನೆರಡನ್ನು ಹದಿನೆಂಟು ಮಾಡಿಕೊಂಡಿತ್ತು. ಒಟ್ಟು ಇಪ್ಪತ್ತಾರು. ಒಂದೇ ಒಂದು ಮಿಲಿಸೆಕೆಂಡು ಹೆಚ್ಚಾಗಿ, ಮುಂದಿನ ಸಂಕೇತ ಬಂದಾಗ ಅದಕ್ಕೆ ಕೈ ಬಿಡುವಿರಲಿಲ್ಲ.

ಆಮೇಲೆ ಹಳೆಯ ದಾಖಲೆ ತೆಗೆದು ವಿಡಿಯೊದ ಪಕ್ಕ ಇಟ್ಟೆ. ಜಂಬಣ್ಣನವರು ದಿನ ನೋಡಿದ್ದರು. ನಾನು ಗಂಟೆ ನೋಡಿದೆ. ಎರಡೂ ತಿಂಗಳು ಪೂಜೆಯಾಗಿ ಬೆಲ್ಟು ಶುರುವಾದ ಬೆಳಗಿನ ಒಂಬತ್ತು ಗಂಟೆಗೇ ಲೆಕ್ಕ ಇಪ್ಪತ್ತಕ್ಕೆ ಇಳಿದಿತ್ತು. ಶೇಖಮ್ಮನ ಕೈ ಒಳಗೆ ಹೋದದ್ದು ಮಧ್ಯಾಹ್ನ ಒಂದೂ ಹತ್ತಕ್ಕೆ. ಬಿಡುವು ಮುಗಿದು ಬೆಲ್ಟು ಓಡಿದಾಗ, ನಲವತ್ತು. ನಿನ್ನೆ ಅವರನ್ನು ಹತ್ತಿರ ಬಿಡದಿದ್ದುದರಿಂದ ಲೆಕ್ಕ ಇಪ್ಪತ್ತರಲ್ಲೇ ನಿಂತಿತ್ತು.

ಜಂಬಣ್ಣನವರು ಪರದೆಯನ್ನು ಎರಡು ಸಲ ಓದಿದರು. ನಂತರ ಶೇಖಮ್ಮನನ್ನು ಕರೆಸಿದರು.

"ನಾ ಹಚ್ಚಿದ ಇಬತ್ತಿ ಒರಸೀಯೇನು ನೀನು?"

"ಗಾಜು ಒರಸೀನ್ರಿ," ಎಂದರು ಶೇಖಮ್ಮ. "ಬೂದಿ ಹಚ್ಚಿದ ದಿನ ಮಿಷಿನ್ನಿಗೆ ಕಣ್ಣು ಕಾಣ್ತಿದ್ದಿಲ್ಲ. ಬಿಟ್ಟ ಚೀಟಿ ಎಲ್ಲಾ ನಮ್ಮ ಕೈಗೇ ಬರ್ತಿದ್ದವು."

"ನಂಗ್ಯಾಕ ಹೇಳಲಿಲ್ಲ?"

"ನೀವು ಹಚ್ಚಿದ್ದನ್ನ ನಮ್ಮ ಕೈಲೆ ಒರಸೀನಂತ ಹ್ಯಾಂಗ ಹೇಳ್ಲಿರಿ?"

ಅಷ್ಟು ಹೊತ್ತಿಗೆ ಬಾಗಿಲ ಬಳಿ ನಾಲ್ಕು ಹಮಾಲರು ನಿಂತಿದ್ದರು. ಶೇಖಮ್ಮ ಅಂಗಳದಲ್ಲಿ ಯಾಕೆ ಬಾಯಿ ಬಿಡಲಿಲ್ಲವೆಂಬುದು ನನಗೆ ಆಗ ತಿಳಿಯಿತು. ಯಂತ್ರ ಕೆಡಿಸಿದಳೆಂದರೆ ಕೆಲಸ ಮಾತ್ರ ಹೋಗುತ್ತಿತ್ತು. ಊರ ಹೊರಗಿನ ಕೇರಿಯವಳು ಪೂಜೆಯ ವಿಭೂತಿ ಅಳಿಸಿದಳೆಂದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ನಾನು ಗಾಜು ಒರೆಸಿ, ಬೆಳಕಿನ ಹೊತ್ತನ್ನು ಹನ್ನೆರಡಕ್ಕೆ ಬಿಗಿಮಾಡಿ, ಬೆಲ್ಟು ಓಡಿಸಿದೆ. ನಲವತ್ತು. ವರದಿಯ ಮೊದಲ ಸಾಲಿನಲ್ಲಿ ಸೆಟ್ಟಿಂಗಿನ ತಪ್ಪು ನನ್ನದೆಂದು ಬರೆದೆ. ಪೂಜೆಯನ್ನು ಪೆಟ್ಟಿಗೆಯ ಹೊರಗಿನ ಕಬ್ಬಿಣಕ್ಕೆ ಮಾಡಬಹುದು, ಗಾಜನ್ನು ದಿನಕ್ಕೆರಡು ಸಲ ಒರೆಸಬೇಕು ಎಂದು ಸೇರಿಸಿದೆ. ಒರೆಸುವವರ ಹೆಸರಿನ ಜಾಗದಲ್ಲಿ ಶೇಖಮ್ಮ ಎಂದು ಬರೆದೆ.

ಜಂಬಣ್ಣನವರು ಆ ಹೆಸರಿನ ಮೇಲೆ ಬೆರಳಿಟ್ಟರು.

"ನೀವು ಯಾವೂರವ್ರು ಮೇಡಂ?"

"ದೇವದುರ್ಗ್ರಿ."

"ದೇವದುರ್ಗದಾಗ ಯಾರ ಪೈಕಿ?"

"ಶೇಖಮ್ಮನೋರ ಪೈಕಿನ."

"ಬಂದಾಗನ ಹೇಳಬೇಕಿತ್ತಲ್ರಿ."

"ಹೇಳಿದ್ರ ಮೀಟರ್ ಬ್ಯಾರೆ ಲೆಕ್ಕ ತೋರಿಸ್ತಿತ್ತೇನ್ರಿ? ಬೇಕಂದ್ರ ಇನ್ನೊಬ್ರನ್ನ ಕರೆಸಿ ಎಣಿಸ್ರಿ."

ಅವರು ಕಾಗದ ಹಿಡಿದು ಮಾಲೀಕರಾದ ಮಹಮ್ಮದ್ ಹುಸೇನರ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡಿತು. ಒಳಗಿನ ಮಾತು ಕೇಳಿಸಲಿಲ್ಲ. ಕಾಲು ಗಂಟೆಯ ಮೇಲೆ ಸಹಿ ಬಿದ್ದ ಕಾಗದ ಬಂತು. ಹೆಸರನ್ನು ಹೊಡೆದು ಹಾಕಿದ್ದಾರೇನೋ ಎಂದು ಮೊದಲು ಅದನ್ನೇ ನೋಡಿದೆ. ಹೊಡೆದಿರಲಿಲ್ಲ.

ಶೇಖಮ್ಮ ಬೆಲ್ಟಿನ ಹತ್ತಿರ ಹೋಗಿ ನಿಂತರು. ಒರೆಸುವ ಬಟ್ಟೆ ಎಲ್ಲಿದೆಯೆಂದು ಎಲ್ಲರಿಗೂ ಕೇಳುವಂತೆ ಜಂಬಣ್ಣನವರನ್ನೇ ಕೇಳಿದರು.